ಎಂಟು ಸೀಟಿನ ಮಹಾಶಯರಿಗೆ ಹುಣಸಮಾರನಹಳ್ಳಿಯಿಂದ

ಬಾಡಿಗೆಗೆ ಬಿಸಿನೆಸ್ ಜೆಟ್ ಹುಡುಕುತ್ತಿರುವ ಮಹಾಶಯರೆ,

ನಮ್ಮೂರು ನಿಮಗೆ ಗೊತ್ತು. ಹೆಬ್ಬಾಳದ ಜಂಜಾಟ ಕಳೆದು, ಯಲಹಂಕ ವಾಯುನೆಲೆ ದಾಟಿ, ಸಾದಹಳ್ಳಿ ಟೋಲ್ ಇನ್ನೇನು ಬಂತು ಅನ್ನುವಾಗ ನಿಮ್ಮ ಕಾರಿನ ಕಪ್ಪು ಗಾಜಿನಾಚೆ ಒಂದು ಊರು ಸರಿದುಹೋಗುತ್ತದಲ್ಲ, ಅದೇ. ಆ ಹೊತ್ತಿಗೆ ನೀವು ಫೋನಿನಲ್ಲಿ ಇರುತ್ತೀರಿ, ಆದ್ದರಿಂದ ಪರಿಚಯ ಆಗಿರಲಿಕ್ಕಿಲ್ಲ. ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವನು. ಈಗ ಸಂಜೆ ಹೊತ್ತು ಟೆರೇಸಿನ ಮೇಲೆ ನಿಂತು ಆಕಾಶ ನೋಡುವುದೇ ಕೆಲಸ.

ಈ ಪತ್ರಕ್ಕೆ ಕಾರಣ ಅರ್ಧ ಸೇರು ಕಡಲೆಕಾಯಿ. 2025ರ ಏರೋ ಇಂಡಿಯಾ ಮುಗಿದ ವಾರ ಗಾಡಿಯವನು ನನಗೆ ಕಡಲೆಕಾಯಿ ಕಟ್ಟಿಕೊಟ್ಟದ್ದು ದಪ್ಪನೆಯ, ನುಣುಪಾದ, ಪಳಪಳ ಹೊಳೆಯುವ ಕಾಗದದಲ್ಲಿ. ಪ್ರದರ್ಶನ ಮುಗಿದ ಮೇಲೆ ಕರಪತ್ರಗಳೆಲ್ಲ ಗುಜರಿಗೆ, ಗುಜರಿಯಿಂದ ಗಾಡಿಗೆ ಬರುವುದು ನಮ್ಮಲ್ಲಿ ವಾಡಿಕೆ. (ಬಜ್ಜಿಗೆ ಈ ಕಾಗದ ಪ್ರಯೋಜನವಿಲ್ಲ, ಎಣ್ಣೆ ಹೀರುವುದಿಲ್ಲ.) ಬಿಡಿಸಿ ನೋಡಿದರೆ ಬಾಡಿಗೆ ಜೆಟ್‌ಗಳ ತುಲನಾ ಕೋಷ್ಟಕ. ಕಿಂಗ್ ಏರ್, ಫಿನಾಮ್, ಹಾಕರ್, ಗಲ್ಫ್‌ಸ್ಟ್ರೀಮ್ ಒಂದರ ಕೆಳಗೊಂದು. ಎದುರಿಗೆ ಸೀಟು, ವೇಗ, ದೂರ, ಒಳಗಿನ ಎತ್ತರ. ಕೊನೆಯ ಕಾಲಂ, ಅಂದರೆ ಬೆಲೆಯದು, ಹರಿದುಹೋಗಿತ್ತು. ಅದು ಇನ್ಯಾರದೋ ಕಡಲೆಕಾಯಿಯ ಜೊತೆ ಹೋಗಿರಬೇಕು. ಖಾಲಿ ಕಾಲಂ ಇರುವ ಕೋಷ್ಟಕ ಕಂಡರೆ ತುಂಬಿಸದೆ ನನಗೆ ನಿದ್ದೆ ಬಾರದು. ಅದಕ್ಕೇ ಈ ಶ್ರಮ.

ಮೊದಲು ಎತ್ತರದ ಮಾತು. ಕಿಂಗ್ ಏರ್ ಬಿ200ರ ಒಳಗೆ ನೆಲದಿಂದ ಚಾವಣಿಗೆ 4 ಅಡಿ 9 ಅಂಗುಲ. ಫಿನಾಮ್ 300ರಲ್ಲಿ 4 ಅಡಿ 11. ಹಾಕರ್ 800ರಲ್ಲಿ 5 ಅಡಿ 9. ಗಲ್ಫ್‌ಸ್ಟ್ರೀಮ್ ಜಿ650ಕ್ಕೆ ಬಂದರೆ 6 ಅಡಿ 3. ನಮ್ಮಜ್ಜಿಯ ಮನೆಯ ನಡುಬಾಗಿಲು ಸುಮಾರು ಕಿಂಗ್ ಏರ್‌ನಷ್ಟೇ ಇತ್ತು. ಬಗ್ಗದೆ ಬಂದವರಿಗೆ ಬಾಗಿಲೇ ಬುದ್ಧಿ ಹೇಳುತ್ತಿತ್ತು. ನಿಮ್ಮ ಲೋಕದಲ್ಲೂ ಸಣ್ಣ ಸಾಹುಕಾರ ಸೊಂಟ ಬಗ್ಗಿಸಿ ಸೀಟಿಗೆ ಹೋಗುತ್ತಾನೆ, ನಡು ಸಾಹುಕಾರ ಕತ್ತು ಬಗ್ಗಿಸುತ್ತಾನೆ, ದೊಡ್ಡ ಸಾಹುಕಾರ ಮಾತ್ರ ನೆಟ್ಟಗೆ ನಡೆಯುತ್ತಾನೆ ಎಂದು ತಿಳಿದು ನನಗೆ ಒಂದು ಬಗೆಯ ಸಮಾಧಾನವಾಯಿತು. ತೀರಾ ಸಣ್ಣ ಜೆಟ್‌ಗಳಲ್ಲಿ ಶೌಚಾಲಯವೆಂದರೆ ಬಾಗಿಲ ಹತ್ತಿರದ ಒಂದು ಸೀಟು, ಅದರ ಮುಂದೊಂದು ಪರದೆ. ಧರ್ಮಸ್ಥಳಕ್ಕೆ ಹೋಗುವ ನಮ್ಮ ಟೆಂಪೋ ಟ್ರಾವೆಲರ್ ಕನಿಷ್ಠ ಯಡಿಯೂರಿನಲ್ಲಾದರೂ ನಿಲ್ಲುತ್ತದೆ.

ವೇಗಕ್ಕೆ ಬರೋಣ. ಕಿಂಗ್ ಏರ್ ಗಂಟೆಗೆ ಸುಮಾರು 500 ಕಿ.ಮೀ. ಹೋಗುತ್ತದೆ. ಅದಕ್ಕೆ ಜೆಟ್ ಎಂದು ಹೇಳಿಕೊಳ್ಳುವ ಹಕ್ಕೂ ಇಲ್ಲ, ಮುಂದೆ ಪ್ರೊಪೆಲರ್ ತಿರುಗುತ್ತದೆ. ಫಿನಾಮ್ 300 ಗಂಟೆಗೆ 800 ಕಿ.ಮೀ. ದಾಟುತ್ತದೆ. ಸರಿ, ಆದರೆ ನಿಮ್ಮ ಡ್ರೈವರು ಟಿಕೆಟ್ ತೆಗೆದು ಕೂರುವ ಏರ್‌ಬಸ್ 320 ಕೂಡ ಹೆಚ್ಚುಕಡಿಮೆ ಅಷ್ಟೇ ವೇಗದಲ್ಲಿ ಹೋಗುತ್ತದೆ. ಬೆಂಗಳೂರಿನಿಂದ ದೆಹಲಿಗೆ ಆಕಾಶದಲ್ಲಿ ಸುಮಾರು 1,700 ಕಿ.ಮೀ. ಆ ದೂರ ದುಡ್ಡು ಕೊಟ್ಟವರಿಗೆ ಕುಗ್ಗುವುದಿಲ್ಲ. ಹಾಗಾದರೆ ನೀವು ಲಕ್ಷಗಟ್ಟಲೆ ಕೊಟ್ಟು ಕೊಂಡದ್ದೇನು? ನಾವು ವಿಮಾನಕ್ಕೆ ಕಾಯುತ್ತೇವೆ, ವಿಮಾನ ನಿಮಗೆ ಕಾಯುತ್ತದೆ. ಇಷ್ಟೇ ವ್ಯತ್ಯಾಸ, ಇಷ್ಟಕ್ಕೇ ಬಾಡಿಗೆ. ಹೆಬ್ಬಾಳದ ಸಿಗ್ನಲ್ ಮಾತ್ರ ಇನ್ನೂ ಯಾರಿಗೂ ಬಾಡಿಗೆಗೆ ಸಿಕ್ಕಿಲ್ಲ. ಅದಕ್ಕೂ ಉಪಾಯ ಹುಡುಕಿದ್ದರು. 2018ರ ಮಾರ್ಚ್‌ನಲ್ಲಿ ತುಂಬಿ ಏವಿಯೇಷನ್ ಎಂಬ ಸಂಸ್ಥೆ ವಿಮಾನ ನಿಲ್ದಾಣದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೆಲಿಕಾಪ್ಟರ್ ಓಡಿಸಿತು. 2022ರಲ್ಲಿ ಬ್ಲೇಡ್ ಇಂಡಿಯಾ ಎಚ್‌ಎಎಲ್‌ಗೆ ಓಡಿಸಿತು, ತಲೆಗೆ 3,250 ರೂಪಾಯಿಯಂತೆ. ಕೆಳಗೆ ಬಳ್ಳಾರಿ ರಸ್ತೆ ಹೇಗಿತ್ತೋ ಹಾಗೆಯೇ ಇದೆ.

ಈಗ ಹರಿದುಹೋದ ಕಾಲಂ. ಇದನ್ನು ತುಂಬಿಸಲು ನನಗೆ ನೆರವಾದವನು ನಮ್ಮ ಬೀದಿಯ ಟೆಂಪೋ ಟ್ರಾವೆಲರ್ ಮಾಲೀಕ. ಹೋದ ಕಾರ್ತಿಕದಲ್ಲಿ ಧರ್ಮಸ್ಥಳ, ಸುಬ್ರಹ್ಮಣ್ಯ ಎರಡಕ್ಕೂ ಸೇರಿಸಿ ಅವನ ಗಾಡಿ ಮಾತಾಡಿದ್ದೆವು. ಅವನ ಷರತ್ತುಗಳು ಹೀಗೆ: ಓಡಲಿ ಬಿಡಲಿ, ದಿನಕ್ಕೆ ಕನಿಷ್ಠ 300 ಕಿ.ಮೀ. ಲೆಕ್ಕ. ನಮ್ಮನ್ನು ಬಿಟ್ಟು ಖಾಲಿ ವಾಪಸ್ ಬಂದರೂ ಅದರ ದುಡ್ಡು ನಮ್ಮದೇ. ರಾತ್ರಿ ಹಾಲ್ಟ್ ಆದರೆ ಡ್ರೈವರ್ ಬಾಟಾ ಬೇರೆ. ಟೋಲ್, ಪಾರ್ಕಿಂಗ್ ಬೇರೆ. ಹೊತ್ತು ಮೀರಿದರೆ ಅದೂ ಬೇರೆ.

ಇದೇ ಷರತ್ತುಗಳನ್ನು ವಿಮಾನದ ಭಾಷೆಗೆ ತಿರುಗಿಸಿ ನೋಡಿ. ನೀವು ಹತ್ತಾರು ನಿಮಿಷ ಹಾರಿ ಇಳಿದರೂ ಸಾಮಾನ್ಯವಾಗಿ ದಿನಕ್ಕೆ ಎರಡು ಗಂಟೆಯ ಲೆಕ್ಕ ಬೀಳುತ್ತದೆ. ವಿಮಾನ ದೆಹಲಿಯಲ್ಲಿದ್ದು ನೀವು ಬೆಂಗಳೂರಿನಲ್ಲಿದ್ದರೆ ಅದು ಖಾಲಿ ಬರುವ ಖರ್ಚು ನಿಮ್ಮದು, ನಿಮ್ಮನ್ನು ಇಳಿಸಿ ಖಾಲಿ ಹೋಗುವ ಖರ್ಚೂ ನಿಮ್ಮದೇ. ಪೈಲಟ್‌ಗಳ ಹೋಟೆಲ್ ಕೋಣೆ, ಲ್ಯಾಂಡಿಂಗ್ ಫೀಸು, ನಿಲುಗಡೆ ಫೀಸು, ನಿಲ್ದಾಣದ ಸಮಯ ಮೀರಿ ತೆರೆದಿಡಿಸಿದರೆ ಅದರ ಫೀಸು, ಮೇಲೆ ಜಿಎಸ್‌ಟಿ. ಸಾಲುಸಾಲಾಗಿ ಅದೇ ಟೆಂಪೋ ಕರಾರು! ನಮ್ಮ ಮಾಲೀಕನಿಗೆ ಇದನ್ನು ಓದಿ ಹೇಳಿದೆ. ಅವನು ಅಷ್ಟೇನೂ ಆಶ್ಚರ್ಯಪಡಲಿಲ್ಲ. ಒಂದೇ ಪ್ರಶ್ನೆ ಕೇಳಿದ: “ಅಡ್ವಾನ್ಸ್ ಎಷ್ಟು ತಗೋತಾರೆ ಸಾರ್?”

ಹಾಗಾಗಿ ಜೆಟ್‌ಗಳನ್ನು ಹೋಲಿಸುವಾಗ ದಯವಿಟ್ಟು ಚರ್ಮದ ಸೀಟು ನೋಡಬೇಡಿ. ಗಾಡಿ ಈಗ ಎಲ್ಲಿ ನಿಂತಿದೆ ಎಂದು ಕೇಳಿ. ಪಕ್ಕದೂರಲ್ಲಿ ನಿಂತ ಹಳೆಯ ಹಾಕರ್, ದೂರದೂರಿಂದ ಖಾಲಿ ಬರಬೇಕಾದ ಹೊಸ ಫಿನಾಮ್‌ಗಿಂತ ಅಗ್ಗವಾದೀತು. ಇನ್ನೊಂದು, ಎಲ್ಲಿ ಇಳಿಯಬೇಕು ಎನ್ನುವುದು. ದೇವನಹಳ್ಳಿಯ ಕೆಂಪೇಗೌಡ ನಿಲ್ದಾಣದಲ್ಲಿ ತಲಾ 4,000 ಮೀಟರಿನ ಎರಡು ರನ್‌ವೇ ಇವೆ, ಅಲ್ಲಿ ಯಾವ ಜೆಟ್ಟೂ ಇಳಿದೀತು. ಶಿವಮೊಗ್ಗದ್ದು 3,200 ಮೀಟರು, ಅಲ್ಲೂ ತೊಂದರೆಯಿಲ್ಲ. ಮೈಸೂರಿನ ಮಂಡಕಳ್ಳಿಯದು 1,740 ಮೀಟರು. ಹೊಟ್ಟೆತುಂಬ ಇಂಧನ ಕುಡಿದ ಗಲ್ಫ್‌ಸ್ಟ್ರೀಮ್‌ಗೆ ಅದು ಸಾಲದು. ಅಲ್ಲಿಗೆ ನಾಲ್ಕಡಿ ಒಂಬತ್ತಂಗುಲದ ಕಿಂಗ್ ಏರ್‌ನಂಥ ಸಣ್ಣ ವಿಮಾನವೇ ಗತಿ. ದಸರೆಗೆ ಹೋಗುವ ದೊಡ್ಡವರು ಬಗ್ಗಿಯೇ ಹೋಗಲಿ, ಚಾಮುಂಡಿಗೆ ಖುಷಿಯಾದೀತು.

ನಿಮ್ಮ ಪೈಕಿ ಎಲ್ಲರೂ ವ್ಯಾಪಾರಿಗಳಲ್ಲ, ಗೊತ್ತು. 2023ರ ಡಿಸೆಂಬರಿನಲ್ಲಿ ನಮ್ಮ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಸಚಿವರಾದ ಕೃಷ್ಣ ಬೈರೇಗೌಡ, ಜಮೀರ್ ಅಹ್ಮದ್ ಅವರೊಡನೆ ದೆಹಲಿಗೆ ಹೋದದ್ದು ಇಂಥದೇ ಖಾಸಗಿ ಜೆಟ್‌ನಲ್ಲಿ. ಹೋದದ್ದು ಯಾಕೆ? ಬರ ಪರಿಹಾರ ಕೇಳಲು. ಆ ವರ್ಷ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ಕೇಂದ್ರಕ್ಕೆ ಕೇಳಿದ ಮೊತ್ತ 18,171 ಕೋಟಿ. ಸಚಿವ ಜಮೀರ್ ಪ್ರಯಾಣದ ವಿಡಿಯೋವನ್ನು ಹೆಮ್ಮೆಯಿಂದ ಹಂಚಿಕೊಂಡರು. ವಿರೋಧ ಪಕ್ಷ ಹೌಹಾರಿತು. ಪ್ರಧಾನಿ ಯಾವುದರಲ್ಲಿ ಓಡಾಡುತ್ತಾರೆ ಕೇಳಿ ಎಂದು ಮುಖ್ಯಮಂತ್ರಿ ತಿರುಗಿಸಿದರು. ಉತ್ತರ ಬೋಯಿಂಗ್ 777. ಅಲ್ಲಿಗೆ ಚರ್ಚೆ ಮುಗಿಯಿತು, ಎರಡು ಕಡೆಯವರ ಬಳಿಯೂ ವಿಮಾನವಿತ್ತು. ನಮ್ಮ ಜಾಲ ಹೋಬಳಿಯ ರೈತನೊಬ್ಬ ಅಂದಿದ್ದು ನನಗಿನ್ನೂ ನೆನಪಿದೆ: ಭಿಕ್ಷೆಗೆ ಹೋಗುವಾಗ ಹರಿದ ಪಂಚೆ ಉಟ್ಟು ಹೋಗಬೇಕೆಂಬ ಲೋಕರೂಢಿ ಬೆಂಗಳೂರು-ದೆಹಲಿ ದಾರಿಗೆ ಅನ್ವಯಿಸುವುದಿಲ್ಲವೇನೋ.

ಬಾಡಿಗೆ ಯಾಕೆ, ಕೊಂಡುಬಿಡೋಣ ಎನ್ನುವವರಿಗೆ ನಮ್ಮ ಬೆಂಗಳೂರಿನದೇ ಒಂದು ಪಾಠವಿದೆ. ವಿಜಯ್ ಮಲ್ಯ ಅವರ ಏರ್‌ಬಸ್ 319. ನೋಂದಣಿ ಸಂಖ್ಯೆಯ ಕೊನೆಗೆ ಅವರದೇ ಹೆಸರಿನ ಅಕ್ಷರಗಳು, ವಿ ಜೆ ಎಂ. ನೂರಕ್ಕೂ ಹೆಚ್ಚು ಜನ ಕೂರಬಹುದಾದಲ್ಲಿ 25 ಮಂದಿಗೆ ಮಾತ್ರ ಜಾಗ, ಜೊತೆಗೆ ಹಾಸಿಗೆ, ಬಾರು. ಸೇವಾ ತೆರಿಗೆ ಬಾಕಿಗೆ 2013ರಲ್ಲಿ ಜಪ್ತಿಯಾಯಿತು. 2016ರಲ್ಲಿ 152 ಕೋಟಿ ಮೂಲಬೆಲೆ ಇಟ್ಟು ಹರಾಜು ಕೂಗಿದರೆ ಬಂದದ್ದು 1.09 ಕೋಟಿಯ ಒಂದೇ ಬಿಡ್. ಕಡೆಗೆ 2018ರಲ್ಲಿ ಅಮೆರಿಕದ ಕಂಪನಿಯೊಂದು 34.8 ಕೋಟಿಗೆ ಒಯ್ದಿತು. ಅಲ್ಲಿಯವರೆಗೆ ಮುಂಬೈ ನಿಲ್ದಾಣದಲ್ಲಿ ಬಿಸಿಲು ಮಳೆಗೆ ಒಡ್ಡಿಕೊಂಡು ನಿಂತೇ ಇತ್ತು. ಕಂತು ಕಟ್ಟದ ಟೆಂಪೋವನ್ನು ಫೈನಾನ್ಸ್‌ನವರು ಎಳೆದೊಯ್ದು ಯಾರ್ಡಿನಲ್ಲಿ ನಿಲ್ಲಿಸಿದಾಗ ಅದರ ಟಯರಿನ ಸುತ್ತ ಹುಲ್ಲು ಬೆಳೆಯುತ್ತದೆ. ವಿಮಾನದ ಪಾಡೂ ಅದೇ, ಪಾರ್ಕಿಂಗ್ ಬಾಡಿಗೆ ಮಾತ್ರ ಜಾಸ್ತಿ.

ನಮ್ಮ ಬಳ್ಳಾರಿ ರಸ್ತೆಯಲ್ಲೇ ನಾಲ್ಕು ಹೆಜ್ಜೆ ಹಿಂದೆ ಜಕ್ಕೂರಿದೆ. ಅಲ್ಲಿ ಕ್ಯಾಪ್ಟನ್ ಗೋಪಿನಾಥ್ 1990ರ ದಶಕದಲ್ಲಿ ಬಾಡಿಗೆ ಹೆಲಿಕಾಪ್ಟರ್ ಇಟ್ಟರು, ದುಡ್ಡಿದ್ದವರಿಗೇ. 2003ರಲ್ಲಿ ಅವರಿಗೆ ಬೇರೆ ಯೋಚನೆ ಬಂತು: ಏರ್ ಡೆಕ್ಕನ್ ಕಟ್ಟಿ ಒಂದು ರೂಪಾಯಿಗೂ ಟಿಕೆಟ್ ಮಾರಿದರು. ನನ್ನ ಹೆಂಡತಿ ಮೊದಲ ಸಲ ವಿಮಾನ ಹತ್ತಿದ್ದು ಅದರಲ್ಲೇ. ಪುಳಿಯೋಗರೆ ಕಟ್ಟಿಕೊಂಡು ಹೋಗಿದ್ದಳು. ಆಮೇಲೆ ಡೆಕ್ಕನ್ ಮಲ್ಯರ ಕಿಂಗ್‌ಫಿಷರ್ ಸೇರಿತು, ಕಿಂಗ್‌ಫಿಷರ್ 2012ರಲ್ಲಿ ನಿಂತಿತು. ಹೆಚ್ಚು ಹೇಳಿದರೆ ಚಾಡಿಯಾದೀತು.

ನಿಮ್ಮಿಂದ ನಮಗೆ ಉಪಕಾರವೇ ಆಗಿಲ್ಲ ಎನ್ನಲಾರೆ. 1996ರಿಂದ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾಕ್ಕೆಂದು ಯಲಹಂಕ ವಾಯುನೆಲೆಗೆ ಲೋಕದ ವಿಮಾನಗಳೆಲ್ಲ ಬರುತ್ತವೆ. ಒಳಗೆ ಟಿಕೆಟ್ಟಿಗೆ ಸಾವಿರಾರು ರೂಪಾಯಿ, ನಮಗೆ ಟೆರೇಸೇ ಗ್ಯಾಲರಿ. ಆ ದಿನಗಳಲ್ಲಿ ದೂರದ ನೆಂಟರಿಗೂ ನಮ್ಮ ಮೇಲೆ ಪ್ರೀತಿ ಉಕ್ಕುತ್ತದೆ. ಬಂದವರಿಗೆ ಕೋಳಿ ಸಾರು ಮಾಡೋಣವೆಂದರೆ ಅಂಗಡಿ ಮುಚ್ಚಿರುತ್ತದೆ. ಮಾಂಸದ ಚೂರಿಗೆ ಬಂದ ಹದ್ದು ವಿಮಾನಕ್ಕೆ ಬಡಿಯಬಾರದಲ್ಲ. 2023ರಲ್ಲಿ 10 ಕಿ.ಮೀ. ವ್ಯಾಪ್ತಿಯಲ್ಲಿ, 2025ರಲ್ಲಿ 13 ಕಿ.ಮೀ. ವ್ಯಾಪ್ತಿಯಲ್ಲಿ ಮಾಂಸದಂಗಡಿ ಬಂದ್. ಮೂರು ವಾರಕ್ಕೂ ಹೆಚ್ಚು ಕಾಲ ನಾವು ಹುರುಳಿಕಾಳು ಬಸ್ಸಾರು ತಿಂದು ನಿಮ್ಮ ರೆಕ್ಕೆ ಕಾದೆವು. ಯಾವ ಕರಪತ್ರದ ಯಾವ ಕಾಲಂನಲ್ಲೂ ಈ ಬಾಬ್ತು ಬರೆದಿರಲಿಲ್ಲ. ಹೊಗೆಯ ಬಾಬ್ತೂ ಇರಲಿಲ್ಲ. ತಲಾ ಲೆಕ್ಕ ಹಾಕಿದರೆ ಖಾಸಗಿ ಜೆಟ್ ಸಾಮಾನ್ಯ ವಿಮಾನಕ್ಕಿಂತ 5ರಿಂದ 14 ಪಟ್ಟು ಹೆಚ್ಚು ಮಾಲಿನ್ಯ ಮಾಡುತ್ತದೆಂದು ಯುರೋಪಿನ ಟ್ರಾನ್ಸ್‌ಪೋರ್ಟ್ ಆ್ಯಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ 2021ರಲ್ಲಿ ಹೇಳಿತ್ತು. ಖಾಲಿ ವಾಪಸ್ ಬರುವ ಜೆಟ್‌ನಲ್ಲಿ ಯಾವ ತಲೆಗೆ ಹಂಚುವುದು? ಭಾಗಿಸುವ ಸಂಖ್ಯೆ ಸೊನ್ನೆಯಾದರೆ ಏನಾಗುತ್ತದೆಂದು ನನ್ನ ಒಂಬತ್ತನೇ ತರಗತಿಯ ಮಕ್ಕಳನ್ನು ಕೇಳಿ.

ಖಾಲಿ ಸೀಟಿನ ಮಾತು ಬಂತು, ಒಂದು ಸಂಗತಿ ಹೇಳಿ ಮುಗಿಸುತ್ತೇನೆ. 2025ರ ಜೂನ್‌ನಲ್ಲಿ ಮಹಾರಾಷ್ಟ್ರದ ಉಪಮುಖ್ಯಮಂತ್ರಿ ಏಕನಾಥ ಶಿಂಧೆ ಅವರು ಜಳಗಾಂವ್ ನಿಲ್ದಾಣಕ್ಕೆ ಬರುವುದು ತಡವಾಯಿತು. ಪೈಲಟ್ ತನ್ನ ಕೆಲಸದ ಅವಧಿ ಮುಗಿಯಿತು, ಹಾರಿಸಲಾರೆ ಎಂದ. ಅದು ಮೊಂಡುತನವಲ್ಲ, ಇಂತಿಷ್ಟು ಗಂಟೆಯ ಮೇಲೆ ಹಾರಿಸಕೂಡದೆಂದು ವಿಮಾನಯಾನ ನಿರ್ದೇಶನಾಲಯದ ನಿಯಮವೇ ಇದೆ. ಚಾರ್ಮಾಡಿ ಘಾಟಿಯಲ್ಲಿ ನಮ್ಮ ಡ್ರೈವರು “ಕಣ್ಣು ಎಳೀತಿದೆ ಸಾರ್” ಅಂದಾಗ ನಾವು ಕೊಟ್ಟಿಗೆಹಾರದಲ್ಲಿ ಒಂದು ಗಂಟೆ ನಿಂತೆವು, ಯಾರೂ ಗೊಣಗಲಿಲ್ಲ. ಜಳಗಾಂವ್‌ನಲ್ಲಿ ಮಾತ್ರ ಮಾತುಕತೆಯಾಗಿ, ಅನುಮತಿ ಸಿಕ್ಕಿ ವಿಮಾನ ಹೊರಟಿತು. ಆ ಗೊಂದಲದ ನಡುವೆಯೇ, ಮುಂಬೈಗೆ ಚಿಕಿತ್ಸೆಗೆ ಹೊರಟು ವಿಮಾನ ತಪ್ಪಿಸಿಕೊಂಡು ನಿಂತಿದ್ದ ಮೂತ್ರಪಿಂಡದ ರೋಗಿಯೊಬ್ಬರಿಗೆ ಅದೇ ವಿಮಾನದಲ್ಲಿ ಜಾಗ ಸಿಕ್ಕಿತು. ಆಕೆಗೆ ಅದು ಯಾವ ಕಂಪನಿಯ ಜೆಟ್, ಚಾವಣಿ ಎಷ್ಟಡಿ ಎಂಬ ಹೋಲಿಕೆ ಬೇಕಿರಲಿಲ್ಲ.

ಖಾಲಿ ವಾಪಸ್ ಬರುವಾಗ ನಮ್ಮೂರಿನ ಟೆಂಪೋ ಡ್ರೈವರು ದಾರಿಯಲ್ಲಿ ಕೈ ತೋರಿಸಿದವರನ್ನು ಹತ್ತಿಸಿಕೊಂಡು ಬರುತ್ತಾನೆ. ಆಕಾಶದಲ್ಲಿ ಹಾಗೆ ಕೈ ತೋರಿಸಿ ನಿಲ್ಲುವವರಿಲ್ಲ, ಒಪ್ಪಿದೆ. ಆದರೆ ಕರಾರಿಗೆ ಸಹಿ ಹಾಕುವ ಮೊದಲು ಎರಡು ಪ್ರಶ್ನೆ ಕೇಳಿ: ವಾಪಸ್ ಹೋಗುವಾಗ ಎಷ್ಟು ಸೀಟು ಖಾಲಿ, ಆ ಊರಿನ ಆಸ್ಪತ್ರೆಗಳಲ್ಲಿ ಯಾರಾದರೂ ಅದಕ್ಕೆ ಕಾದಿದ್ದಾರೆಯೇ? ಇಳಿದ ಮೇಲೆ ಪೈಲಟ್ ಊಟ ಮಾಡಿದನೇ ಎಂದೂ ವಿಚಾರಿಸಿ. ಗಾಡಿ ಬಾಡಿಗೆಗೆ ಹಿಡಿದ ನಮ್ಮವರು ಮೊದಲು ಕೇಳುವುದು ಅದನ್ನೇ.

ಇತಿ,
ಟೆರೇಸಿನ ಮೇಲಿಂದ,
ಹುಣಸಮಾರನಹಳ್ಳಿಯ ಮೇಷ್ಟ್ರು

ತಾ.ಕ.: ಕೋಷ್ಟಕದ ಹರಿದ ಬಲಭಾಗ ಯಾರ ಕೈಗಾದರೂ ಸಿಕ್ಕಿದ್ದರೆ ದಯವಿಟ್ಟು ಕಡಲೆಕಾಯಿ ಗಾಡಿಯವನ ಹತ್ತಿರ ಕೊಟ್ಟಿರಿ. ಸಂಜೆ ಆರರ ಮೇಲೆ ಅವನು ಬಸ್ ಸ್ಟಾಪಿನ ಪಕ್ಕ ಇರುತ್ತಾನೆ.