ಶಿಫಾರಸು ಸಾಹೇಬರಿಗೆ ಡೊಂಬಿವಲಿಯಿಂದ ಒಂದು ಪತ್ರ

ಒಟಿಟಿ ಲೋಕದ ಶ್ರೀಮಾನ್ ಶಿಫಾರಸು ಯಂತ್ರ ಅವರ ಸನ್ನಿಧಾನಕ್ಕೆ, ಡೊಂಬಿವಲಿ ಪೂರ್ವದ ಮೂರನೇ ಮಹಡಿಯ ಕನ್ನಡ ಕುಟುಂಬವೊಂದರ ನಮಸ್ಕಾರಗಳು. ಇಲ್ಲಿ ಎಲ್ಲರೂ ಕ್ಷೇಮ, ರಿಮೋಟ್ ಒಂದನ್ನು ಬಿಟ್ಟು. ಅದರ ಬೆನ್ನಿನ ಮುಚ್ಚಳ ಎಂದೋ ಕಳೆದುಹೋಗಿದೆ. ಸೆಲ್ ಬೀಳದಂತೆ ರಬ್ಬರ್ ಬ್ಯಾಂಡ್ ಬಿಗಿದಿದ್ದಾರೆ. ಬಲಕ್ಕೆ ಹೋಗುವ ಬಾಣದ ಗುರುತು ಸವೆದು ನುಣ್ಣಗಾಗಿದೆ. ಎಡಬಾಣ ಹೊಸದರಂತಿದೆ, ಏಕೆಂದರೆ ಈ ಮನೆಯಲ್ಲಿ ಯಾರೂ ಹಿಂದೆ ತಿರುಗಿ ನೋಡುವುದಿಲ್ಲ. ಮುಂದೆ ಇನ್ನೂ ಒಳ್ಳೆಯದು ಇರಬಹುದಲ್ಲ.

ಯಜಮಾನರು ಮುಂಬೈಯ ಸಿಎಸ್‌ಎಂಟಿ ನಿಲ್ದಾಣದಲ್ಲಿ ಫಾಸ್ಟ್ ಲೋಕಲ್ ರೈಲು ಹತ್ತಿ, ಠಾಣೆಯವರೆಗೆ ಒಂಟಿಕಾಲಲ್ಲಿ ನೇತಾಡಿ ಮನೆ ಸೇರುವಾಗ ರಾತ್ರಿ ಒಂಬತ್ತು. ಗಂಜಿಯ ಬಟ್ಟಲು ಮುಂದಿಟ್ಟುಕೊಂಡು ರಿಮೋಟ್ ಎತ್ತುತ್ತಾರೆ. ಒಂದು ಕೊಲೆಯ ಪತ್ತೇದಾರಿ, ಒಂದು ಕೊರಿಯನ್ ಪ್ರೇಮ, ಮತ್ತೊಂದು ಕೊಲೆ. ಉಪ್ಪಿನಕಾಯಿ ಮುಗಿಯುತ್ತದೆ, ಗಂಜಿ ಆರುತ್ತದೆ, ಪೋಸ್ಟರುಗಳು ಮುಗಿಯುವುದಿಲ್ಲ. ಮೂಲೆಯ ಕುರ್ಚಿಯಿಂದ ಅಜ್ಜಿ ಕೇಳುತ್ತಾರೆ: “ಎಂತ ಮಾರಾಯ, ಇದು ಸಿನಿಮಾ ನೋಡುವುದಾ, ಹೆಣ್ಣು ನೋಡುವುದಾ?”

ಅಜ್ಜಿಯ ಮಾತಿಗೆ ಆಧಾರವಿದೆ. 2017ರಲ್ಲಿ ನೆಟ್‌ಫ್ಲಿಕ್ಸ್ ನಕ್ಷತ್ರಗಳ ಗುರುತನ್ನು ಕೈಬಿಟ್ಟು ‘ಶೇಕಡಾ 98 ಹೊಂದಾಣಿಕೆ’ ಎಂಬ ಲೆಕ್ಕ ತಂದಿತ್ತು. ಜಾತಕದಲ್ಲಿ 36 ಗುಣಕ್ಕೆ 18 ಕೂಡಿದರೆ ಮದುವೆ ನಿಶ್ಚಯಿಸುವ ದೇಶ ಇದು. ತಾವು 98 ಕೂಡಿಸಿ ಕೊಟ್ಟಾಗಲೂ ಈ ಮನೆಯವರು ಮುಂದಿನ ಫೋಟೋ ಕೇಳಿದರು.

ಶಿಫಾರಸು ಎಂಬುದು ಈ ಮನೆಯವರಿಗೆ ಹೊಸತಲ್ಲ. ಕರಾವಳಿಯಿಂದ ಮುಂಬೈಗೆ ಬಂದ ಹುಡುಗರಿಗೆ ಊರಿನವರೊಬ್ಬರು ಹೋಟೆಲ್ ಧಣಿಯ ಬಳಿ ಒಂದು ಮಾತು ಹೇಳುತ್ತಿದ್ದರು. ಒಬ್ಬ ಹುಡುಗ, ಒಂದು ಮಾತು, ಒಂದು ಕೆಲಸ. ಊಟದ ವಿಷಯವೂ ಹಾಗೆಯೇ. 1942ರಲ್ಲಿ ಮಾಟುಂಗದಲ್ಲಿ ರಾಮ ನಾಯಕರು ತೆರೆದ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಎಲೆಯ ಮುಂದೆ ಕೂತವನು ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಂದು ಮಾಡಿದ್ದು ಎಲೆಗೆ ಬಂದು ಬೀಳುತ್ತದೆ. ಆಯ್ಕೆ ಹೆಚ್ಚಾದರೆ ಏನಾಗುತ್ತದೆಂದು ಮನಃಶಾಸ್ತ್ರಜ್ಞರಾದ ಶೀನಾ ಅಯ್ಯಂಗಾರ್ ಮತ್ತು ಮಾರ್ಕ್ ಲೆಪ್ಪರ್ 2000ದಲ್ಲಿ ಪ್ರಕಟಿಸಿದ ಪ್ರಯೋಗವೂ ತಿನ್ನುವ ವಿಷಯದ್ದೇ. ಕ್ಯಾಲಿಫೋರ್ನಿಯಾದ ಅಂಗಡಿಯೊಂದರಲ್ಲಿ 24 ಬಗೆಯ ಜಾಮ್ ಇಟ್ಟಾಗ ನಿಂತು ನೋಡಿದವರಲ್ಲಿ ಕೊಂಡವರು ಶೇಕಡಾ 3. ಆರೇ ಬಗೆ ಇಟ್ಟಾಗ ಶೇಕಡಾ 30. ಆಮೇಲಿನ ಪ್ರಯೋಗಗಳಲ್ಲಿ ಎಲ್ಲ ಕಡೆಯೂ ಹೀಗೇ ಆಗಲಿಲ್ಲ, ಅದು ಬೇರೆ ಮಾತು. ಆ ಪ್ರಯೋಗಗಳಾವುವೂ ಡೊಂಬಿವಲಿಯಲ್ಲಿ ನಡೆದದ್ದಲ್ಲ.

ಅಜ್ಜಿಯ ಕಾಲದಲ್ಲಿ ಆಯ್ಕೆಯ ಕಷ್ಟವನ್ನು ಸರ್ಕಾರವೇ ಹೊತ್ತಿತ್ತು. 1972ರ ಅಕ್ಟೋಬರ್ 2ರಂದು ಮುಂಬೈ ದೂರದರ್ಶನ ಶುರುವಾಯಿತು. 1987ರಲ್ಲಿ ಭಾನುವಾರ ಬೆಳಿಗ್ಗೆ ರಾಮಾಯಣ ಬಂತು. ಮಧ್ಯಾಹ್ನದ ಪ್ರಾದೇಶಿಕ ಚಿತ್ರದಲ್ಲಿ ಕನ್ನಡದ ಸರದಿ ಬಂದರೆ ಅಡುಗೆ ಬೇಗ ಆಗುತ್ತಿತ್ತು, ಪಕ್ಕದ ಮರಾಠಿ ಮನೆಯವರೂ ಬಂದು ಚಾಪೆ ಮೇಲೆ ಕೂತು ಅಡಿಬರಹ ಓದುತ್ತಿದ್ದರು. ಚಿತ್ರ ಹೇಗಿತ್ತೆಂದು ಯಾರೂ ಕೇಳಲಿಲ್ಲ. ಕನ್ನಡ ಕೇಳಿಸಿತಲ್ಲ, ಸಾಕು. 1994ರಲ್ಲಿ ಕನ್ನಡ ವಾಹಿನಿ ಉದಯ ಟಿವಿ ಶುರುವಾಗಿ ಆಯ್ಕೆಯೂ ಶುರುವಾಯಿತು. 2019ರಲ್ಲಿ ದೂರಸಂಪರ್ಕ ನಿಯಂತ್ರಕ ಟ್ರಾಯ್ 130 ರೂಪಾಯಿಗೆ ನೂರು ಚಾನೆಲ್ ಎಂಬ ನಿಯಮ ತಂದಾಗ ಮನೆಯವರೆಲ್ಲ ಬೇಕಾದವಕ್ಕೆ ಟಿಕ್ ಹಾಕುತ್ತಾ ಒಂದು ಭಾನುವಾರ ಕಳೆದರು. ಇಂದಿನ ಕಷ್ಟಕ್ಕೆ ಅದೇ ತಾಲೀಮು ಎಂದು ಆಗ ತಿಳಿದಿರಲಿಲ್ಲ.

ಇನ್ನು ಅಜ್ಜಿಯ ಖಾಸಾ ದೂರು. 2022ರಲ್ಲಿ ‘ಕಾಂತಾರ’ ಚಿತ್ರದ ಕನ್ನಡ ಆವೃತ್ತಿ ಪ್ರೈಮ್ ವಿಡಿಯೋಗೆ ಬಂತು, ಹಿಂದಿ ಆವೃತ್ತಿ ನೆಟ್‌ಫ್ಲಿಕ್ಸ್‌ಗೆ. ಮೊಮ್ಮಗಳು ತನಗೆ ಗೊತ್ತಿದ್ದ ಅಂಗಡಿಯಲ್ಲೇ ಹುಡುಕಿ ಹಾಕಿಕೊಟ್ಟಳು. ಅಜ್ಜಿ ಐದು ನಿಮಿಷ ಸುಮ್ಮನೆ ನೋಡಿ ಕನ್ನಡಕ ತೆಗೆದಿಟ್ಟರು: “ನಮ್ಮ ಊರಿನ ದೈವ ಹಿಂದಿ ಮಾತಾಡುವುದಾ!” ತಮ್ಮ ಅಂಗಡಿ ಇಷ್ಟು ವಿಶಾಲವಾಗಿದ್ದರೂ, ಕರಾವಳಿಯ ಕಥೆಗಳ ಏಳು ಕಂತಿನ ಕನ್ನಡ ಸರಣಿ ‘ಏಕಂ’ಗೆ ಅಲ್ಲಿ ಒಂದು ಮೂಲೆ ಸಿಗಲಿಲ್ಲ; 2024ರ ಜುಲೈನಲ್ಲಿ ರಕ್ಷಿತ್ ಶೆಟ್ಟಿ ತಂಡ ಅದನ್ನು ತನ್ನದೇ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಯಜಮಾನರು ಮೂರು ಚಂದಾ ಕಟ್ಟುತ್ತಾರೆ. ಮುಖಪುಟದಲ್ಲಿ ಕನ್ನಡದ ಸಾಲು ಕಾಣಬೇಕಾದರೆ ಕೆಳಬಾಣ ಒತ್ತಿ ಒತ್ತಿ ಪಾತಾಳಕ್ಕಿಳಿಯಬೇಕು.

ಹಾಗೆಂದು ಆಯ್ಕೆಯ ಕಷ್ಟ ಇಳಿಸಲು ತಾವು ಪ್ರಯತ್ನಿಸಲಿಲ್ಲವೆಂದಲ್ಲ. 2021ರಲ್ಲಿ ನೆಟ್‌ಫ್ಲಿಕ್ಸ್ ‘ಏನಾದರೂ ಹಾಕು’ ಎನ್ನುವಂಥ ಒಂದು ಬಟನ್ ತಂದು, ಸುಮಾರು ಎರಡು ವರ್ಷದಲ್ಲಿ ತೆಗೆದುಹಾಕಿತು. ಜನ ಒತ್ತಲಿಲ್ಲವೋ ಏನೋ. ಇಡೀ ಊಟದ ಹೊತ್ತು “ಏನಾದರೂ ಹಾಕು ಮಾರಾಯ” ಎನ್ನುವ ಅಜ್ಜಿಯ ಕೈಗೆ ಮಾತ್ರ ಆ ರಿಮೋಟ್ ಬರಲೇ ಇಲ್ಲ.

ಆದ್ದರಿಂದ ಕುಟುಂಬದ ವಿನಂತಿ ಇಷ್ಟೇ: ರಾತ್ರಿ ಒಂಬತ್ತೂಕಾಲಿಗೆ, ಕನ್ನಡದ್ದು, ಒಂದೇ ಒಂದು. ಮಳೆಗಾಲದಲ್ಲಿ ಊರಿನಿಂದ ಯಕ್ಷಗಾನ ಮೇಳಗಳು ಮುಂಬೈಗೆ ಬರುತ್ತವೆ. ಕರಪತ್ರದಲ್ಲಿ ಅಂದಿನ ಪ್ರಸಂಗದ ಹೆಸರು ಅಚ್ಚಾಗಿರುತ್ತದೆ. ಅದನ್ನು ಓದಿ ‘ಬೇರೆ ಏನಿದೆ?’ ಎಂದು ಕೇಳಿದ ಪ್ರೇಕ್ಷಕ ಇನ್ನೂ ಹುಟ್ಟಿಲ್ಲ.

ಇಂತಿ ತಮ್ಮ ಚಂದಾದಾರರ ಪರವಾಗಿ.

ವಿ.ಸೂ.: ಪತ್ರ ಮುಗಿಯುವಾಗ ಗಂಟೆ ಹತ್ತೂಮುಕ್ಕಾಲು. ಯಜಮಾನರು ಸೋಫಾದಲ್ಲೇ ಗೊರಕೆ ಹೊಡೆಯುತ್ತಿದ್ದಾರೆ. ಮೊಮ್ಮಗಳು ‘ಆಮೇಲೆ ನೋಡುವ’ ಪಟ್ಟಿಗೆ ಹನ್ನೊಂದು ಹೆಸರು ಸೇರಿಸಿದ್ದಾಳೆ. ಅಜ್ಜಿ ಮೊಬೈಲನ್ನು ಸಕ್ಕರೆ ಡಬ್ಬಿಗೆ ಒರಗಿಸಿ, ಮೂರು ಸಲ ನೋಡಿದ ತಾಳಮದ್ದಳೆಯನ್ನೇ ಮತ್ತೆ ಹಚ್ಚಿ ಕೂತಿದ್ದಾರೆ.