ಹುಲಿ ಗೆದ್ದಿದ್ದು ಎರಡೇ ಸಲ

ಜಪಾನಿನ ಬೇಸ್‌ಬಾಲ್ ತಂಡ ಹಾನ್ಶಿನ್ ಟೈಗರ್ಸ್ ಅಂದ ಕೂಡಲೇ ಎಲ್ಲರೂ ಎತ್ತೋದು ಆ ಕರ್ನಲ್ ಸ್ಯಾಂಡರ್ಸ್ ಗೊಂಬೆಯ ಕಥೆಯನ್ನೇ. ಎತ್ತಲಿ ಬಿಡಿ, ಎಷ್ಟು ಸಲ ಕೇಳಿದರೂ ಬೇಜಾರಾಗದ ಕಥೆ. 1985ರ ಅಕ್ಟೋಬರ್‌ನಲ್ಲಿ ಲೀಗ್ ಗೆದ್ದ ರಾತ್ರಿ ಓಸಾಕಾದ ಎಬಿಸು ಸೇತುವೆ ಮೇಲೆ ಜನವೋ ಜನ. ಒಬ್ಬೊಬ್ಬ ಆಟಗಾರನ ಹೆಸರು ಕೂಗೋದು, ಅವನ ಹಾಗೇ ಕಾಣೋ ಅಭಿಮಾನಿಯೊಬ್ಬ ದೋತೊನ್‌ಬೋರಿ ಕಾಲುವೆಗೆ ಧುಮುಕೋದು. ರ‍್ಯಾಂಡಿ ಬಾಸ್ ಸರದಿ ಬಂತು ನೋಡಿ, ಅಲ್ಲಿ ಪೇಚಾಟಕ್ಕೆ ಬಂತು. ಒಕ್ಲಹೋಮಾದ ಆ ಗಡ್ಡದ ಧಡೂತಿ ಮನುಷ್ಯನ ಹೋಲಿಕೆ ಆ ಗುಂಪಿನಲ್ಲಿ ಯಾರಿಗಿದ್ದೀತು? ಹತ್ತಿರದ ಕೆಎಫ್‌ಸಿ ಅಂಗಡಿ ಬಾಗಿಲಲ್ಲಿ ನಗುತ್ತಾ ನಿಂತಿದ್ದ ಗೊಂಬೆಗೆ ಗಡ್ಡವಾದರೂ ಇತ್ತಲ್ಲ. ಎತ್ತಿ ನೀರಿಗೆ ಹಾಕಿದರು.

ಆ ವರ್ಷದ ಕೊನೆಯ ಫೈನಲ್ ಜಪಾನ್ ಸೀರೀಸ್‌ನಲ್ಲಿ ಸೆಯ್ಬು ಲಯನ್ಸನ್ನೂ ಸೋಲಿಸಿದ್ದಾಯಿತು. ಆಮೇಲೆ ಶುರುವಾಯಿತು ಶನಿಕಾಟ. 1987ರಿಂದ 2001ರೊಳಗೆ ಹತ್ತು ಸಲ ಕಟ್ಟಕಡೆಯ ಸ್ಥಾನ. ಕರ್ನಲ್ ಶಾಪ ಅಂತ ಊರೆಲ್ಲ ಮಾತಾಡಿಕೊಂಡಿತು. 2009ರ ಮಾರ್ಚ್‌ನಲ್ಲಿ ಕಾಲುವೆ ದಡದ ಕೆಲಸಕ್ಕೆ ಇಳಿದವರ ಕೈಗೆ ಗೊಂಬೆ ಸಿಕ್ಕಿತು. ಮೊದಲು ಪೀಪಾಯಿ ಅಂದುಕೊಂಡರಂತೆ, ಆಮೇಲೆ ಹೆಣವೋ ಏನೋ ಅಂತ ಎದೆ ಧಸಕ್ಕಂದಿತಂತೆ. ಅವತ್ತು ಸೊಂಟದ ಮೇಲಿನ ಭಾಗ, ಮಾರನೇ ದಿನ ಕೆಳಗಿನದು. ಕನ್ನಡಕ ಮತ್ತು ಎಡಗೈ ಮಾತ್ರ ಇಲ್ಲ. 2024ರಲ್ಲಿ ಕೆಎಫ್‌ಸಿ ಕಂಪನಿಯವರು ಸಾಕೆ ಮದ್ಯ ಅರ್ಪಿಸಿ, ಉಪ್ಪು ಹಾಕಿ ಶುದ್ಧಿ ಮಾಡಿ, ಅದಕ್ಕೆ ವಿದಾಯ ಹೇಳಿದರು. ಒಂದು ಗೊಂಬೆಗೆ ಅಷ್ಟು ಮರ್ಯಾದೆ ಕೊಟ್ಟರಲ್ಲ, ನನಗೆ ತುಂಬಾ ಹಿಡಿಸಿತು.

ಆದರೆ ನನ್ನ ಕೇಳಿದರೆ, ಈ ತಂಡದ ನಿಜವಾದ ಕಥೆ ಒಕಾದಾ ಅಕಿನೊಬು. 1985ರ ಏಪ್ರಿಲ್ 17, ಕೋಶಿಯೆನ್ ಮೈದಾನ, ಎದುರಿಗೆ ಯೊಮಿಉರಿ ಜೈಂಟ್ಸ್. ಬಾಸ್ ಹೊಡೆದದ್ದು ಹೋಮ್ ರನ್, ಹಿಂದೆಯೇ ಕಾಕೆಫು ಹೊಡೆದದ್ದು ಹೋಮ್ ರನ್, ಅವರ ಹಿಂದೆ ಒಕಾದಾ ಹೊಡೆದದ್ದೂ ಹೋಮ್ ರನ್. ಮೂರೂ ಮೈದಾನದಾಚೆ ನಡುಭಾಗದಲ್ಲಿರೋ ಹಿನ್ನೆಲೆ ಪರದೆಯ ಕಡೆಗೇ! ಪಾಪ, ಪಿಚರ್ ಮಾಕಿಹಾರಾ.

ಕೋಶಿಯೆನ್ ಅಂದೆನಲ್ಲ, ಅದರದ್ದೇ ಒಂದು ಸೊಗಸು. ಇಡೀ ಜಗತ್ತಿಗೆ ಇದು ಓಸಾಕಾದ ತಂಡ, ಮೈದಾನ ಮಾತ್ರ ಪಕ್ಕದ ಹ್ಯೋಗೋ ಪ್ರಾಂತ್ಯದಲ್ಲಿ. 1924ರಲ್ಲಿ ರೈಲು ಕಂಪನಿ ಕಟ್ಟಿಸಿದ್ದು, ತಂಡವೂ ಅದೇ ಕಂಪನಿಯದು. ಆಗಸ್ಟ್ ಬಂತೆಂದರೆ ಹೈಸ್ಕೂಲು ಹುಡುಗರ ಪಂದ್ಯಾವಳಿ. ಸಂಬಳ ತಗೊಳ್ಳೋ ಹುಲಿಗಳು ಹುಡುಗರಿಗೆ ಜಾಗ ಬಿಟ್ಟುಕೊಟ್ಟು ಗಂಟುಮೂಟೆ ಕಟ್ಟಿಕೊಂಡು ಊರೂರು ಅಲೀಬೇಕು. ಸೋತ ಹುಡುಗರು ಅಳುತ್ತಾ ಮೈದಾನದ ಮಣ್ಣು ಬಾಚಿ ಚೀಲಕ್ಕೆ ತುಂಬಿಕೊಂಡು ಹೋಗ್ತಾರೆ. ಮನೆ ಯಜಮಾನನೇ ಹೊರಗೆ, ಮಕ್ಕಳು ಒಳಗೆ. ಇಂಥ ಪದ್ಧತಿ ಎಲ್ಲಾದರೂ ಉಂಟಾ ಹೇಳಿ?

ಹಾಂ, ಒಕಾದಾ. 2005ರಲ್ಲಿ ಅವರೇ ಮ್ಯಾನೇಜರ್, ಲೀಗ್ ಗೆದ್ದರು. ಜಪಾನ್ ಸೀರೀಸ್‌ಗೆ ಹೋದರೆ ಚಿಬಾ ಲೊತ್ತೆ ಮರೀನ್ಸ್ ಕೈಲಿ ನಾಲ್ಕಕ್ಕೆ ನಾಲ್ಕೂ ಸೋಲು. ನಾಲ್ಕು ಪಂದ್ಯದ ರನ್ ಕೂಡಿಸಿದರೆ ಅವರದು 33, ಇವರದು 4. ಆ ಲೆಕ್ಕ ಹೇಳಿ ಇವತ್ತಿಗೂ ಕೆಣಕ್ತಾರೆ. ಬೇರೆಯವರಾಗಿದ್ದರೆ ಆ ಕಡೆ ತಲೆ ಹಾಕಿ ಮಲಗ್ತಿರಲಿಲ್ಲ. ಇವರು ಅರವತ್ತೈದರ ಹೊಸ್ತಿಲಲ್ಲಿ ಮತ್ತೆ ಬಂದರು.

ಬಂದವರು 2023ರಲ್ಲಿ ‘ಚಾಂಪಿಯನ್’ ಅನ್ನೋ ಮಾತನ್ನೇ ಬಾಯಿಗೆ ತರಲಿಲ್ಲ. ‘ಅದು’ ‘ಅದು’ ಅಂತಲೇ ಕಾಲ ತಳ್ಳಿದರು, ಅದೇ ತಂಡದ ಘೋಷಣೆಯೂ ಆಗಿತ್ತು. ನಮ್ಮಜ್ಜಿಯೂ ಹಾಗೇ ಕಣ್ರೀ. ಅತ್ತೆಗೆ ಗಂಡು ನೋಡುವಾಗ ನಿಶ್ಚಯದ ತಾಂಬೂಲ ಕೈಗೆ ಬರೋವರೆಗೂ ಮದುವೆ ಅಂದವರಲ್ಲ. ‘ಆ ವಿಷಯ’ ಅಂತ ತಗ್ಗಿದ ದನಿಯಲ್ಲಿ ಹೇಳಿ, ಸೆರಗು ಬಾಯಿಗೆ ಒತ್ತಿಕೊಳ್ಳೋರು. ದೃಷ್ಟಿಯಾದೀತು ಅನ್ನೋ ಭಯ ಎಲ್ಲ ಊರಲ್ಲೂ ಒಂದೇ, ಅಲ್ವಾ?

ಆ ವರ್ಷ ನವೆಂಬರ್ 5ರಂದು ಜಪಾನ್ ಸೀರೀಸ್‌ನ ಏಳನೇ ಪಂದ್ಯದಲ್ಲಿ 7–1, ‘ಅದು’ ಆಯ್ತು. 38 ವರ್ಷ! ಎದುರಾಳಿ ಒರಿಕ್ಸ್, ಅದೂ ಅದೇ ಸೀಮೆಯದು, ಒಕಾದಾ ಹಿಂದೊಮ್ಮೆ ನಡೆಸಿದ್ದ ತಂಡ ಬೇರೆ. ತಂಡ ಹುಟ್ಟಿದ್ದು 1935ರಲ್ಲಿ. ಜಪಾನ್ ಸೀರೀಸ್ ಗೆದ್ದಿರೋದು ಎರಡೇ ಸಲ, ಒಂದರಲ್ಲಿ ಒಕಾದಾ ಬ್ಯಾಟು ಹಿಡಿದಿದ್ದರು, ಇನ್ನೊಂದರಲ್ಲಿ ತಂಡವನ್ನೇ ಹಿಡಿದಿದ್ದರು. ಶಾಪ ಇಳಿಸಿದ್ದು ಯಾರು ಅಂತ ಇನ್ನೂ ಕೇಳಬೇಕಾ?

2025ರಲ್ಲಿ ಒಕಾದಾ ಜಾಗಕ್ಕೆ ಫುಜಿಕಾವಾ ಕ್ಯೂಜಿ ಮ್ಯಾನೇಜರಾದ ಮೊದಲ ವರ್ಷವೇ, ಸೆಪ್ಟೆಂಬರ್ 7ಕ್ಕೇ ಲೀಗ್ ಗೆದ್ದುಬಿಟ್ಟರು. ಸೀರೀಸ್ ಸಾಫ್ಟ್‌ಬ್ಯಾಂಕ್ ಪಾಲಾಯ್ತು, ಅದು ಬೇರೆ ಮಾತು. ಮೂರನೆಯದನ್ನು ಇವರೇ ತರ್ತಾರೆ ಅಂತ ನನ್ನ ನಂಬಿಕೆ. 2005ರಲ್ಲಿ ಒಕಾದಾ ಗರಡಿಯಲ್ಲಿ ಪಳಗಿದ ಪಿಚರ್ ಅಲ್ವಾ ಅವರು?