ಇನ್ನೆರಡು ಅಂಕ

ಸಚಿವರು: ಸಭಾಧ್ಯಕ್ಷರೇ, 2017ರ ಕಾಯ್ದೆ ಮಾನಸಿಕ ಚಿಕಿತ್ಸೆಯನ್ನು ಹಕ್ಕು ಅಂತಲೇ ಹೇಳಿದೆ. ಇನ್ನೇನು ಬೇಕು?

ಸದಸ್ಯರು: ಡಾಕ್ಟರು ಬೇಕು, ಸ್ವಾಮಿ.

ಸಚಿವರು: ಟೆಲಿ ಮನಸ್ ಸಹಾಯವಾಣಿ ಇದೆಯಲ್ಲ, 14416. ನಮ್ಮ ನಿಮ್ಹಾನ್ಸ್‌ನವರದೇ ಉಸ್ತುವಾರಿ. ಫೋನ್ ಮಾಡಿ.

ಸದಸ್ಯರು: ನಮ್ಮೂರಲ್ಲಿ ಸಿಗ್ನಲ್ ಸಿಗಬೇಕಾದರೆ ನೀರಿನ ಟ್ಯಾಂಕ್ ಹತ್ತಬೇಕು. ಮನಸ್ಸು ಕೆಟ್ಟವನನ್ನು ಟ್ಯಾಂಕ್ ಹತ್ತಿಸೋದಾ?

ಸಚಿವರು: ನಿಮ್ಮ ಕಾಲದಲ್ಲಿ ಟ್ಯಾಂಕೂ ಇರಲಿಲ್ಲ!

(ಮೇಜು ಕುಟ್ಟಿದರು. ಯಾಕೆಂದು ಕುಟ್ಟಿದವರಿಗೂ ಗೊತ್ತಿರಲಿಕ್ಕಿಲ್ಲ.)

ಸದಸ್ಯರು: ಇನ್ನು ಅಂಗವಿಕಲರ ವಿಷಯ. ಶಾಲೆಯ ರ‍್ಯಾಂಪ್ ಮೇಲೆ ಹೆಡ್‌ಮಾಸ್ಟರ ಬೈಕು ನಿಂತಿದೆ.

ಸಚಿವರು: ಅಂದರೆ, ಬಳಕೆಯಲ್ಲಿದೆ!

ಸದಸ್ಯರು: ಒಬ್ಬ ಹುಡುಗನಿಗೆ ಶೇ 38 ವೈಕಲ್ಯ ಅಂತ ಸರ್ಟಿಫಿಕೇಟು ಕೊಟ್ಟಿದ್ದಾರೆ. ಸೌಲಭ್ಯಕ್ಕೆ ಶೇ 40 ಆಗಬೇಕಂತೆ.

ಸಚಿವರು: ಮರುಮೌಲ್ಯಮಾಪನಕ್ಕೆ ಹಾಕಲಿ.

ಸಭಾಧ್ಯಕ್ಷರು: ಊಟದ ಹೊತ್ತಾಯಿತು. ಸಮಿತಿ ಮಾಡೋಣ. ಅಧ್ಯಕ್ಷರು ಯಾರು?

(ಇಬ್ಬರೂ ಒಟ್ಟಿಗೇ ಕೈ ಎತ್ತಿದರು.)